ಕಾರ್ಗಲ್ ಪೇಟೆಯೂ ನಮ್ಮ ಬಸ್ಸೂ

(ಕಾರ್ಗಲ್ ಸುತ್ತಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ತೋಟದ ವಿಷಯ ಹೇಳಬೇಕಾದವನು ಪೇಟೆಯ ವಿಷಯ ಎತ್ತಿಕೊಂಡನಲ್ಲ ಎಂದು ತಮಗೆ ಅನಿಸಬಹುದು. ಪೇಟೆ ತೋಟಕ್ಕೆ ಎಷ್ಟು ಹತ್ತಿರದ್ದು ಎಂಬುದು ನನಗೂ ಕಳೆದ ಮಳೆಗಾಲದವರೆಗೆ ಗೊತ್ತಿರಲಿಲ್ಲ.

ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಯುವ ಕಾಲ. ಮಳೆ ಎರಡು ದಿನ ಬಿಡುವು ಕೊಟ್ಟಿತು. ಮೈಲುತುತ್ತ, ಸುಣ್ಣ ಮನೆಯಲ್ಲಿತ್ತು. ಮರ ಹತ್ತುವವನೂ ಬಂದ. ಪಂಪು ಮಾತ್ರ ಏಳಲಿಲ್ಲ. ವಾಷರು ಹರಿದಿತ್ತು. ಕಾರ್ಗಲ್ಲಿಗೆ ಓಡಿದೆ. ಪಂಪು ರಿಪೇರಿಯ ಅಂಗಡಿಗೆ ಬೀಗ! ಯುಗಾದಿಗೇ ಮುಚ್ಚಿ ಹೊರಟುಹೋದನಂತೆ. ಸಾಗರಕ್ಕೆ ಹೋಗಿ ವಾಷರು ತರುವಷ್ಟರಲ್ಲಿ ಒಂದು ದಿನ ಕಳೆಯಿತು. ಮರುದಿನ ಮಧ್ಯಾಹ್ನದಿಂದ ಮಳೆ ಹಿಡಿದದ್ದು ಎಂಟು ದಿನ ಬಿಡಲಿಲ್ಲ. ಕೆಳಗಿನ ತೋಟದಲ್ಲಿ ಉದುರಿದ ಕಾಯನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದೆವು.

ಅವನನ್ನು ಬಯ್ದುಕೊಂಡೇ ಮನೆಗೆ ಬಂದೆ. ಆಮೇಲೆ ಲೆಕ್ಕ ಹಾಕಿದೆ. ಅವನಿಂದ ನಾನು ಕೊಂಡದ್ದಾದರೂ ಏನು? ವರ್ಷಕ್ಕೊಂದು ವಾಷರು, ಒಂದು ಬೋಲ್ಟು. ಹೊಸ ಪಂಪು ತಂದದ್ದು ಸಾಗರದಲ್ಲಿ, ಪೈಪು ತಂದದ್ದು ಶಿವಮೊಗ್ಗದಲ್ಲಿ. ವಾಷರು ಮಾರಿ ಅಂಗಡಿಯ ಬಾಡಿಗೆ ಕಟ್ಟಲು ಯಾರಿಂದಾದೀತು?

ಕಾರ್ಗಲ್ ಪೇಟೆ ನಮ್ಮನ್ನು ನಂಬಿ ಹುಟ್ಟಿದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದು ಸಂಬಳವನ್ನು ನಂಬಿ ಬೆಳೆದ ಪೇಟೆ. ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದಾಗ ಹೊರನಾಡುಗಳಿಂದ ಕೂಲಿಗಾರರು, ಮೇಸ್ತ್ರಿಗಳು, ಇಂಜಿನಿಯರುಗಳು ಬಂದು ಇಳಿದರು. 1964ರಲ್ಲಿ ಅಣೆಕಟ್ಟು ಮುಗಿಯಿತು. 1948ರಲ್ಲಷ್ಟೇ ಆಗಿದ್ದ ಹಿರೇಭಾಸ್ಕರದ ಅಣೆಕಟ್ಟೂ ಆ ನೀರಿನಲ್ಲಿ ಮುಳುಗಿತು. ಅದರ ಜೊತೆಗೆ ನಮ್ಮಲ್ಲಿ ಅನೇಕರ ಅಜ್ಜಂದಿರ ಗದ್ದೆ, ಮನೆ, ದೇವಸ್ಥಾನ ಮುಳುಗಿದವು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳೂ ಕೂಡುವಾಗ 1977 ಬಂತು. ಅಷ್ಟು ಕಾಲವೂ ತಿಂಗಳ ಮೊದಲ ವಾರ ಇಲ್ಲಿ ಜಾತ್ರೆಯಂತೆ ವ್ಯಾಪಾರ. ದರ್ಜಿ, ಕ್ಷೌರಿಕ, ಹೋಟೆಲು, ಬಟ್ಟೆಯಂಗಡಿ, ಎಲ್ಲರ ಉದ್ರಿಯೂ ಸಂಬಳದ ದಿನ ಚುಕ್ತಾ ಆಗುತ್ತಿತ್ತು. ನಾವು ಹಳ್ಳಿಯವರು ಆ ಸಂತೆಯ ಅಂಚಿನಲ್ಲಿ ನಿಂತು ಉಪ್ಪು, ಮೆಣಸಿನಕಾಯಿ ಕೊಂಡು ಬರುತ್ತಿದ್ದೆವು.

ಕಟ್ಟುವ ಕೆಲಸ ಮುಗಿಯಿತು. ಯಂತ್ರ ನಡೆಸಲು ಅಷ್ಟು ಜನ ಬೇಡ. ಕಾಲೊನಿಯಲ್ಲಿ ಖಾಲಿ ಬಿದ್ದ ಮನೆಗಳ ಅಂಗಳದಲ್ಲಿ ಗಿಡ ಬೆಳೆದಿರುವುದನ್ನು ತಾವೇ ಕಂಡಿದ್ದೀರಿ. ಮಳೆಗಾಲದಲ್ಲಿ ಜೋಗ ನೋಡಲು ಕಾರುಗಳು ಸಾಲು ಸಾಲಾಗಿ ಬರುತ್ತವೆ, ನಿಜ. ಆದರೆ ಜೋಗ ನೋಡಲು ಬಂದವನು ಜೋಳ ಸುಟ್ಟದ್ದು ತಿನ್ನುತ್ತಾನೆ, ಪಂಪಿನ ವಾಷರು ಕೊಳ್ಳುವುದಿಲ್ಲ. ಹೀಗಾಗಿ ವರ್ಷ ಪೂರ್ತಿ ಇರುವ ಗಿರಾಕಿಗಳೆಂದರೆ ಉಳಿದಿರುವವರು ನಾವೇ.

ಇನ್ನು ರಸ್ತೆಯ ಮಾತು. 2011ರಲ್ಲಿ ತಾಳಗುಪ್ಪಕ್ಕೆ ದೊಡ್ಡ ರೈಲು ಬಂತು. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದ. ತುಮರಿ ಕಡೆಯ ಬಸುರಿ ಹೆಂಗಸು ರಾತ್ರಿ ಹೊತ್ತು ಲಾಂಚಿಗೆ ಕಾಯುವ ಪಾಡು ತಪ್ಪಿತು. ಆ ಸೇತುವೆಗಾಗಿ ಹಿನ್ನೀರಿನ ಜನ ಹೋರಾಡಿದ್ದು ನ್ಯಾಯವೇ. ಆದರೆ ಹಲ್ಕೆರೆಯಿಂದ ಮುಪ್ಪಾನೆ ಲಾಂಚಿನಲ್ಲಿ ದಾಟಿ ಕಾರ್ಗಲ್ಲಿಗೆ ಬರುತ್ತಿದ್ದವರು ಈಗ ನೆಟ್ಟಗೆ ಸಾಗರಕ್ಕೆ ಹೋಗುವುದು ಸಹಜವಲ್ಲವೇ? ರಸ್ತೆ ಊರಿಗೆ ಬರುವುದಕ್ಕೂ ಆಗುತ್ತದೆ, ಊರು ದಾಟಿ ಹೋಗುವುದಕ್ಕೂ ಆಗುತ್ತದೆ.

ಬೈಕು, ಕಾರು ಇದ್ದವರಿಗೆ ಇದೊಂದು ದೊಡ್ಡ ಸಂಗತಿಯಲ್ಲ. ಮುದುಕರು, ಶಾಲೆಯ ಮಕ್ಕಳು, ಕೂಲಿಯ ಹೆಂಗಸರು ಬಸ್ಸನ್ನೇ ನಂಬಿದವರು. 2018–19ರ ಬೇಸಿಗೆಯಲ್ಲಿ ಅರಲಗೋಡು ಕಡೆ ಮಂಗನಕಾಯಿಲೆ ಹಬ್ಬಿದಾಗ ರೋಗಿಗಳನ್ನು ಮಣಿಪಾಲದವರೆಗೆ ಸಾಗಿಸಬೇಕಾಯಿತು. ಹತ್ತಿರದ ಪೇಟೆಯಲ್ಲಿ ಬಾಡಿಗೆ ಜೀಪು, ರಾತ್ರಿ ತೆರೆಯುವ ಔಷಧಿ ಅಂಗಡಿ ಇರುವುದಕ್ಕೂ ಇಲ್ಲದಿರುವುದಕ್ಕೂ ಏನು ವ್ಯತ್ಯಾಸವೆಂದು ಆ ವರ್ಷ ತಿಳಿಯಿತು.

ಬಸ್ಸು ಹೇಗೆ ನಿಂತುಹೋಗುತ್ತದೆ ಎಂಬುದಕ್ಕೆ ನಮ್ಮ ಮಲೆನಾಡಿನದೇ ಉದಾಹರಣೆಯಿದೆ. 1991ರಲ್ಲಿ ಕೊಪ್ಪದಲ್ಲಿ ಒಂದು ಬಸ್ಸು ಕಂಪೆನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ ಸಹಕಾರ ಸಾರಿಗೆ ಕಟ್ಟಿದರು. ಚಾಲಕನೇ ಮಾಲಿಕ! ಹೆಚ್ಚುಕಡಿಮೆ ಮೂವತ್ತು ವರ್ಷ ನಡೆಯಿತು. ಖರ್ಚು ಏರಿ, ಸಾಲ ಏರಿ, 2020ರ ಫೆಬ್ರವರಿಯಲ್ಲಿ ನಿಂತಿತು. ನಿಂತ ದಿನ ಮರುಗಿದವರಲ್ಲಿ ಬೈಕು ಕೊಂಡು ಅದರ ಬಸ್ಸು ಹತ್ತುವುದನ್ನು ಎಂದೋ ಬಿಟ್ಟವರೂ ಇದ್ದಿರಬೇಕು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಒಳ್ಳೆಯದೇ. ಆದರೆ ನಮ್ಮ ಕಡೆ ಓಡುವವು ಬಹುಪಾಲು ಖಾಸಗಿ ಬಸ್ಸುಗಳು. ನಮ್ಮ ದಾರಿಗೂ ಸರ್ಕಾರಿ ಬಸ್ಸು ಕೊಡಿ ಎಂದು ಕೇಳುವುದು ನಮ್ಮ ಹಕ್ಕು. ಅದು ಬರುವವರೆಗೆ ಇರುವ ಬಸ್ಸನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಹಾಗಾದರೆ ಮಾಡುವುದೇನು? ದುಬಾರಿಯಾದರೂ ಎಲ್ಲವನ್ನೂ ಕಾರ್ಗಲ್ಲಿನಲ್ಲೇ ಕೊಳ್ಳಿರೆಂದು ನಾನು ಹೇಳುವವನಲ್ಲ. ಅಂಗಡಿಯವರೂ ಸಾಗರದ ದರ ನೋಡಿಕೊಂಡು ಮಾರಬೇಕು. ಆದರೆ ಹತ್ತು ಮನೆಯವರು ಮೇ ತಿಂಗಳಲ್ಲೇ ಕುಳಿತು, ಇಷ್ಟು ಕಿಲೋ ಮೈಲುತುತ್ತ, ಇಷ್ಟು ಸುಣ್ಣ, ಇಷ್ಟು ವಾಷರು ಬೇಕೆಂದು ಒಂದು ಚೀಟಿ ಬರೆದು ಇಲ್ಲಿಯ ಅಂಗಡಿಯವನ ಕೈಗೆ ಕೊಟ್ಟರೆ ಅವನು ಧೈರ್ಯವಾಗಿ ಮಾಲು ತರಿಸುತ್ತಾನೆ. ಸಾಗರಕ್ಕೆ ಹೋಗಿ ಬರುವ ಬಸ್ಸು ಛಾರ್ಜು, ಊಟ, ಒಂದು ದಿನದ ಕೂಲಿ, ಇವನ್ನು ಸಾಮಾನಿನ ಬೆಲೆಗೆ ಕೂಡಿಸಿ ನೋಡಿರಿ. ನಾನು ಕೂಡಿಸಿದೆ. ಆ ವಾಷರಿನಷ್ಟು ದುಬಾರಿ ವಸ್ತುವನ್ನು ಜನ್ಮದಲ್ಲಿ ಕೊಂಡಿರಲಿಲ್ಲ.

ಬಸ್ಸಿನ ವಿಚಾರಕ್ಕೆ ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ಅದು ಸೇರಲೇಬೇಕು. ಬಸ್ಸಿಲ್ಲ ಎಂದು ಕೂಗಿ ಎದ್ದು ಬಂದರೆ ಫಲವಿಲ್ಲ. ಯಾವ ಊರಿನಿಂದ ಯಾವ ಹೊತ್ತಿಗೆ ಎಷ್ಟು ಮಕ್ಕಳು, ಎಷ್ಟು ದೊಡ್ಡವರು ಹೋಗುತ್ತಾರೆಂದು ಎಣಿಸಿ ಠರಾವು ಬರೆಸಿರಿ. ಖಾಸಗಿ ಬಸ್ಸಿನ ಪರ್ಮಿಟ್ಟು, ವೇಳೆ ನೋಡುವುದು ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರ. ಠರಾವಿನ ಒಂದು ಪ್ರತಿ ಅಲ್ಲಿಗೆ, ಒಂದು ಪ್ರತಿ ಸರ್ಕಾರಿ ಬಸ್ಸಿನ ಸಾಗರ ಡಿಪೋಗೆ ಹೋಗಲಿ.

ಎಣಿಕೆಗೆ ಒಂದು ಕಾಗದವನ್ನು ಗೆರೆ ಹಾಕಿ ತಂದಿದ್ದೇನೆ. ಊರಿಗೊಬ್ಬರಂತೆ ಮುಂದೆ ಬಂದು ತೆಗೆದುಕೊಳ್ಳಿರಿ. ಸಂಜೆಯ ಬಸ್ಸಿಗೆ ಹೋಗಬೇಕಾದವರು ಮೊದಲು ಬನ್ನಿ. ಬೈಕಿನವರು ಸ್ವಲ್ಪ ತಾಳಬಹುದು.