ಗಮಾರನಾರು?

(ಬಂಟ್ವಾಳದಲ್ಲಿ ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಗರದಲ್ಲಿರುವವನು ನಾಗರಿಕನು, ಗ್ರಾಮದಲ್ಲಿರುವವನ ನುಡಿಯು ಗ್ರಾಮ್ಯವು. ಮೊದಲನೆಯ ಶಬ್ದವು ಬಿರುದಾಯಿತು. ಎರಡನೆಯದು ಕಾವ್ಯದೋಷದ ಹೆಸರಾಯಿತು. ಹಿಂದಿಯಲ್ಲಿ ಹಳ್ಳಿಗನೆಂದು ಅರ್ಥವಿದ್ದ ಶಬ್ದವೇ ನಮ್ಮಲ್ಲಿ 'ಗಮಾರ'ನೆಂಬ ಬೈಗುಳಾಗಿರುವುದು. 'ಹಳ್ಳಿಗುಗ್ಗು' ಎಂಬುದನ್ನಂತೂ ನಾವೇ ಕಟ್ಟಿಕೊಂಡೆವು. ಇವು ಬರಿಯ ಮಾತುಗಳಲ್ಲವೇ ಎನ್ನಬೇಡಿರಿ. ಮಾತಿನಿಂದ ಚರಿತ್ರೆಯೇ ಮಬ್ಬಾದುದಕ್ಕೆ ಈ ಸೀಮೆಯೇ ಸಾಕ್ಷಿಯು.

1834ರಲ್ಲಿ ಕಂಪೆನಿ ಸರಕಾರವು ಕೊಡಗನ್ನು ವಶಪಡಿಸಿಕೊಂಡು, ಅದಕ್ಕೆ ಸೇರಿದ್ದ ಸುಳ್ಯ, ಪುತ್ತೂರು ಪ್ರದೇಶಗಳನ್ನು ಕನ್ನಡ ಜಿಲ್ಲೆಗೆ ಕೂಡಿಸಿತು. ಧಾನ್ಯರೂಪದ ಕಂದಾಯವನ್ನು ಹಣದಲ್ಲಿಯೇ ತೆರಬೇಕಾಯಿತು. 1837ರಲ್ಲಿ ರೈತರು ದಂಡುಕಟ್ಟಿ ಎದ್ದರು. ಬಂಟ್ವಾಳದ ಮಾರ್ಗವಾಗಿ ಸಾಗಿ ಮಂಗಳೂರನ್ನೇ ಕೆಲದಿನ ಕೈವಶಮಾಡಿಕೊಂಡರು. ಅದಕ್ಕೆ ಉಳಿದ ಹೆಸರೇನು? 'ಕಲ್ಯಾಣಪ್ಪನ ಕಾಟಕಾಯಿ'! ಪುಂಡರ ಗಲಭೆಯೆಂಬ ತಾತ್ಸಾರವು ಆ ಹೆಸರಿನಲ್ಲಿಯೇ ಇರುವುದು. ಅದರ ಮುಂದಾಳುಗಳಲ್ಲೊಬ್ಬನಾದ ಕೆದಂಬಾಡಿ ರಾಮಯ್ಯಗೌಡನ ಪ್ರತಿಮೆಯು ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತುದು 2022ರಲ್ಲಿ. ಅಂದರೆ 185 ವರ್ಷಗಳ ತರುವಾಯ.

ಕಥೆ, ನಾಟಕ, ಚಲಚ್ಚಿತ್ರಗಳಲ್ಲಿಯೂ ಹಳ್ಳಿಗನು ಬಹುಮಟ್ಟಿಗೆ ನಗಿಸುವುದಕ್ಕಾಗಿಯೇ ಬರುವನು. ಶಿವರಾಮ ಕಾರಂತರು 1933ರ 'ಚೋಮನ ದುಡಿ'ಯಲ್ಲಿ ಬೇರೆ ದಾರಿ ಹಿಡಿದರು. ಸ್ವಂತ ಬೇಸಾಯವೊಂದನ್ನೇ ಬಯಸಿದ ಚೋಮನನ್ನು ಕಂಡು ಯಾರೂ ನಗಲಾರರು; ಅವನಿಗೆ ನೆಲವನ್ನು ನಿರಾಕರಿಸಿದ ಸಮಾಜವೇ ಅಲ್ಲಿ ತಲೆತಗ್ಗಿಸುವುದು.

ಬೆಳ್ತಂಗಡಿಯ ಮಲೆಯ ತಪ್ಪಲಿನ ಹುಡುಗನು ಮನೆಯಲ್ಲಿ ತುಳುವನ್ನಾಡಿ, ಶಾಲೆಯಲ್ಲಿ ಕನ್ನಡವನ್ನು ಕಲಿತು ಪಟ್ಟಣಕ್ಕೆ ಬಂದರೆ, ಅವನ ಪುಸ್ತಕದಂತಹ ಕನ್ನಡವು ಅಲ್ಲಿ ವಿನೋದದ ವಸ್ತುವಾಗುವುದು. ಎರಡು ನುಡಿಗಳನ್ನು ಬಲ್ಲವನನ್ನು ಒಂದನ್ನೇ ಬಲ್ಲವನು ಹಾಸ್ಯಮಾಡುವನು! ಇವರಲ್ಲಿ ಗಮಾರನಾರು?

ನಮ್ಮ ಹಿರಿಯರ ಕಣ್ಣು ಹೀಗಿರಲಿಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಓದು ಕಲಿಯದ ಕನ್ನಡಿಗರಲ್ಲಿಯೂ ಕಾವ್ಯದ ಜಾಣ್ಮೆಯನ್ನು ಕಂಡಿತು. ಮೂಡಬಿದಿರೆಯ ರತ್ನಾಕರವರ್ಣಿಯು ಹದಿನಾರನೆಯ ಶತಮಾನದಲ್ಲಿ ಭರತೇಶನ ಕಥೆಯನ್ನು ಪಂಡಿತರ ವೃತ್ತಗಳಲ್ಲಿ ಹೇಳದೆ, ಜನರು ಹಾಡಬಲ್ಲ ಸಾಂಗತ್ಯದಲ್ಲಿ ಹೇಳಿದನು.

ಉಪಾಧ್ಯಾಯರೇ, ಕನ್ನಡ ನಾಡು 1956ರಲ್ಲಿ ಒಂದಾಯಿತು. ಕನ್ನಡಿಗರ ಮನಸ್ಸು ಒಂದಾಗುವ ಕೆಲಸವು ಇನ್ನೂ ಉಳಿದಿರುವುದು. ಅದು ನಿಮ್ಮ ತರಗತಿಯಲ್ಲಿಯೇ ಆರಂಭವಾಗಲಿ. ಮಗುವಿನ ಮನೆಮಾತನ್ನು ತಿದ್ದುವ ಮೊದಲು, ಅದನ್ನು ಕೇಳಿ ನಗುವ ನಮ್ಮ ಬಾಯನ್ನು ತಿದ್ದಿಕೊಳ್ಳೋಣ.