ಹ್ಯಾಮ್ ರೇಡಿಯೋ: ದುಬಾರಿ ಯಂತ್ರವೋ, ಒಳ್ಳೆಯ ಆಂಟೆನಾವೋ?



ಮೈಸೂರು ಸೀಮೆಗೂ ರೇಡಿಯೋಗೂ ಹಳೆಯ ನಂಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಅವರ ಪ್ರೇಷಕದ ಶಕ್ತಿ ಕೇವಲ 30 ವ್ಯಾಟ್. ಇಂದು ಒಬ್ಬ ಹವ್ಯಾಸಿ ತನ್ನ ಮೇಜಿನ ಮೇಲೆ 200 ವ್ಯಾಟಿನ ಯಂತ್ರ ಇಟ್ಟುಕೊಳ್ಳಬಹುದು. ಅದಕ್ಕೆ ಹತ್ತಾರು ಲಕ್ಷ ರೂಪಾಯಿ ಸುರಿಯಲೂಬಹುದು. ಸುರಿಯಬೇಕೇ ಎಂಬುದೇ ಇಂದಿನ ನಮ್ಮ ಪ್ರಶ್ನೆ.

ಹವ್ಯಾಸಿ ರೇಡಿಯೋ ಅಥವಾ ಹ್ಯಾಮ್ ರೇಡಿಯೋ ಎಂದರೆ ಕೇವಲ ಕೇಳುವ ರೇಡಿಯೋ ಅಲ್ಲ. ಕೇಳುವುದಕ್ಕೂ ಮಾತನಾಡುವುದಕ್ಕೂ ಒಂದೇ ಪೆಟ್ಟಿಗೆ. ಅದಕ್ಕೇ ಟ್ರಾನ್ಸೀವರ್ ಎಂಬ ಹೆಸರು. 12 ವರ್ಷ ತುಂಬಿದವರು ಕೇಂದ್ರ ಸರ್ಕಾರ ನಡೆಸುವ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಬಹುದು. ನಿರ್ಬಂಧಿತ ದರ್ಜೆಯವರಿಗೆ 50 ವ್ಯಾಟ್, ಸಾಮಾನ್ಯ ದರ್ಜೆಯವರಿಗೆ 400 ವ್ಯಾಟ್ ಮಿತಿ. ಹಾಗಾಗಿ ನಿರ್ಬಂಧಿತ ದರ್ಜೆಯವರು 200 ವ್ಯಾಟಿನ ಯಂತ್ರ ಕೊಂಡರೆ ಮುಕ್ಕಾಲು ಪಾಲು ಶಕ್ತಿ ಬಳಕೆಗೇ ಬರುವುದಿಲ್ಲ.

ಬೆಲೆಯ ಅಂತರ ತಿಳಿಯಲು ಜಪಾನಿನ ಐಕಾಮ್ ಕಂಪನಿಯ ಎರಡು ಯಂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2016ರಲ್ಲಿ ಬಂದ ಐಸಿ-7300ಕ್ಕೆ ಹೊಸದರಲ್ಲಿ ಅಮೆರಿಕದಲ್ಲಿ ಸುಮಾರು 1,500 ಡಾಲರ್. ಅದಕ್ಕೆ ಒಂದು ವರ್ಷ ಮೊದಲು ಬಂದ ಐಸಿ-7851ಕ್ಕೆ 12,000 ಡಾಲರಿಗೂ ಮೇಲೆ. ನಮ್ಮಲ್ಲಿಗೆ ತರಿಸಿದರೆ ಸಾಗಣೆ, ಸುಂಕ ಬೇರೆ. ಎಂಟು ಪಟ್ಟು ಹಣಕ್ಕೆ ಸಿಗುವುದೇನು?

ಮೊದಲನೆಯದು ಶಕ್ತಿ. 100 ವ್ಯಾಟ್ ಇದ್ದದ್ದು 200 ಆಗುತ್ತದೆ. ಎರಡು ಪಟ್ಟು ಎಂದು ಕೇಳಲು ಚೆನ್ನ. ಆದರೆ ಲೆಕ್ಕದಲ್ಲಿ ಅದು 3 ಡೆಸಿಬೆಲ್ ಮಾತ್ರ. ಎದುರಿನವರ ರೇಡಿಯೋದಲ್ಲಿ ಸಂಕೇತದ ಬಲ ತೋರಿಸುವ ಮೀಟರಿನ ಮುಳ್ಳು ಒಂದು ಗೆರೆ ಮೇಲೇರಬೇಕಾದರೆ 6 ಡೆಸಿಬೆಲ್ ಬೇಕು. ಅಂದರೆ ನಮ್ಮ ಹಣಕ್ಕೆ ದಕ್ಕಿದ್ದು ಅರ್ಧ ಗೆರೆ.

ಎರಡನೆಯದು ಗ್ರಾಹಕದ ಗುಣ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಧ್ವನಿವರ್ಧಕದ ಪಕ್ಕದಲ್ಲೇ ನಿಂತು, ಜೊತೆಯವರು ಮೆಲ್ಲಗೆ ಆಡಿದ ಮಾತನ್ನು ಹಿಡಿಯಬೇಕು ಎಂದುಕೊಳ್ಳಿ. ಹಾಗೆಯೇ ಭಾರಿ ಸಂಕೇತದ ಮಗ್ಗುಲಲ್ಲಿರುವ ಕ್ಷೀಣ ಸಂಕೇತವನ್ನು ಹಿಡಿಯುವ ಸಾಮರ್ಥ್ಯವನ್ನು ಡೈನಾಮಿಕ್ ರೇಂಜ್ ಎನ್ನುತ್ತಾರೆ. ಅಮೆರಿಕದ ರಾಬ್ ಶೆರ್ವುಡ್ ಅವರು ವರ್ಷಗಳಿಂದ ಅಳೆದು ಪ್ರಕಟಿಸುತ್ತಿರುವ ಪಟ್ಟಿಯನ್ನು ಜಗತ್ತಿನ ಹ್ಯಾಮ್‌ಗಳು ನೋಡಿಯೇ ಯಂತ್ರ ಕೊಳ್ಳುತ್ತಾರೆ. ಅಗ್ಗದ ಯಂತ್ರ 90 ಡೆಸಿಬೆಲ್ ದಾಟಿದರೆ, ದುಬಾರಿಯದು 100 ದಾಟುತ್ತದೆ. ಈ ವ್ಯತ್ಯಾಸ ನಿಜವಾದದ್ದೇ. ಆದರೆ ಅದು ಕೆಲಸಕ್ಕೆ ಬರುವುದು ಅಂತರರಾಷ್ಟ್ರೀಯ ಸ್ಪರ್ಧೆಯ ದಿನ ಬ್ಯಾಂಡ್ ಕಿಕ್ಕಿರಿದಾಗ, ಇಲ್ಲವೇ ನೆರೆಮನೆಯಲ್ಲೇ ಇನ್ನೊಬ್ಬ ಹ್ಯಾಮ್ ಇದ್ದಾಗ. ತಿ. ನರಸೀಪುರದಂಥ ಊರಿನಲ್ಲಿ ಅಂಥ ನೆರೆಯವರು ಎಷ್ಟು ಮಂದಿ?

ಮೂರನೆಯದು ಒಂದೇ ಪೆಟ್ಟಿಗೆಯಲ್ಲಿ ಎರಡು ಗ್ರಾಹಕಗಳು. ದೂರದ ದ್ವೀಪದ ಕೇಂದ್ರ ಒಂದು ಆವರ್ತದಲ್ಲಿ ಮಾತನಾಡಿ ಇನ್ನೊಂದರಲ್ಲಿ ಕೇಳುತ್ತಿರುವಾಗ ಎರಡನ್ನೂ ಒಟ್ಟಿಗೆ ಆಲಿಸಬಹುದು. ಅಂಥ ಬೇಟೆಯ ಹುಚ್ಚು ಇರುವವರಿಗೆ ಇದು ವರ. ಉಳಿದವರಿಗೆ ಅಪರೂಪದ ಬಳಕೆ.

ಇನ್ನು, ಎಷ್ಟು ಹಣ ಕೊಟ್ಟರೂ ಯಂತ್ರದಿಂದ ಆಗದ ಕೆಲಸವೊಂದಿದೆ. 7 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ನಮಗೆ ಕೇಳುವ ಗೊರಗೊರ ಸದ್ದು ರೇಡಿಯೋದ ಒಳಗಿನದಲ್ಲ. ಅದು ಎಲ್ಲೋ ಹೊಡೆದ ಸಿಡಿಲಿನದು, ವಿದ್ಯುತ್ ತಂತಿಯದು, ಅಗ್ಗದ ಎಲ್‌ಇಡಿ ದೀಪದ್ದು, ಮನೆಯ ಯುಪಿಎಸ್‌ನದು. ಅತಿ ಸೂಕ್ಷ್ಮ ಗ್ರಾಹಕ ಆ ಸದ್ದನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸುತ್ತದೆ! ಇದಕ್ಕೆ ಮದ್ದು ಮನೆಯಿಂದ ದೂರ, ಎತ್ತರದಲ್ಲಿ ಕಟ್ಟಿದ ಆಂಟೆನಾ. ಹಳ್ಳಿಯವರಿಗೆ ಇದರಲ್ಲಿ ಪಟ್ಟಣದವರಿಗಿಂತ ಅನುಕೂಲ ಹೆಚ್ಚು. ಈ ಬ್ಯಾಂಡಿಗೆ ಬೇಕಾದದ್ದು ಒಟ್ಟು 20 ಮೀಟರ್ ಉದ್ದದ ತಾಮ್ರದ ತಂತಿ. ಅದನ್ನು ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಬಿಡಬೇಕು. ಎರಡು ತೆಂಗಿನ ಮರಗಳ ನಡುವೆ ಹತ್ತು ಮೀಟರ್ ಎತ್ತರದಲ್ಲಿ ಕಟ್ಟಿದರೆ, ಹಗಲಿನಲ್ಲಿ ಅಲೆಗಳು ನೆಟ್ಟಗೆ ಮೇಲೇರಿ, ಅಯಾನುಗೋಳದಿಂದ ತಿರುಗಿ ಮುನ್ನೂರು, ನಾನ್ನೂರು ಕಿಲೋಮೀಟರ್ ಸುತ್ತಳತೆಗೆ ಮಳೆಯಂತೆ ಇಳಿಯುತ್ತವೆ. ಆದರೆ ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಆಂಟೆನಾದ ಕೇಬಲನ್ನು ಮುಂಚೆಯೇ ಕಳಚಿಡಬೇಕು, ಮರೆಯಬೇಡಿ.

ಈಗ ಮುಖ್ಯವಾದ ಮಾತು. 2018 ಮತ್ತು 2019ರ ಆಗಸ್ಟ್ ತಿಂಗಳುಗಳು ನಿಮಗೆ ನೆನಪಿರಬಹುದು. ಕಬಿನಿ ಜಲಾಶಯದಿಂದ ಬಿಟ್ಟ ನೀರು ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆ ಹರಿದು ಸಂಚಾರ ನಿಂತಿತು. ನಂಜನಗೂಡನ್ನು ದಾಟಿದ ಕಪಿಲೆ ಸೇರುವುದು ತಿರುಮಕೂಡಲಿನಲ್ಲಿ ಕಾವೇರಿಯನ್ನೇ. ಮೇಲಿನ ಊರಿನ ಸುದ್ದಿ ಕೆಳಗಿನ ಊರಿಗೆ ನೀರಿಗಿಂತ ಮೊದಲು ಮುಟ್ಟಬೇಕು. ವಿದ್ಯುತ್ ಹೋಗಿ ಮೊಬೈಲ್ ಗೋಪುರಗಳೂ ಮೌನವಾದರೆ ಮುಟ್ಟಿಸುವವರು ಯಾರು?

ಎರಡೂ ಊರುಗಳ ನಡುವೆ ಹಕ್ಕಿ ಹಾರುವ ದೂರ ಸುಮಾರು 26 ಕಿಲೋಮೀಟರ್. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್‌ಗಳು ಬಯಲಿನಲ್ಲೇ ಹತ್ತು ಕಿಲೋಮೀಟರ್ ಮುಟ್ಟುವುದೂ ಕಷ್ಟ. ಎರಡೂ ಕಡೆ ಹತ್ತು ಹತ್ತು ಮೀಟರಿನ ಕಂಬದ ಮೇಲೆ ಆಂಟೆನಾ ಏರಿಸಿದರೆ, ಲೆಕ್ಕದ ಪ್ರಕಾರ ರೇಡಿಯೋ ದಿಗಂತ ಸರಿಯಾಗಿ 26 ಕಿಲೋಮೀಟರ್! ಇನ್ನೂ ಎರಡು ಮೂರು ಮೀಟರ್ ಎತ್ತರಿಸಿದರೆ ಮಾತು ನಿಶ್ಚಿಂತೆ. ಇಲ್ಲಿ ಗೆಲ್ಲುವುದು ಯಂತ್ರದ ಬೆಲೆಯಲ್ಲ, ಕಂಬದ ಎತ್ತರ.

ವಿದ್ಯುತ್ ಹೋದಾಗಿನ ಲೆಕ್ಕವನ್ನೂ ನೋಡಿ. ಐಸಿ-7851 ತೂಗುವುದು 23 ಕಿಲೋಗೂ ಹೆಚ್ಚು; ಗೋಡೆಯ ಕರೆಂಟೇ ಬೇಕು. ನೀರು ಹೊಸಿಲಿಗೆ ಬಂದಾಗ ಅದನ್ನು ಹೊತ್ತು ಮಹಡಿ ಹತ್ತುವವರು ಯಾರು? ಐಸಿ-7300ರ ತೂಕ ನಾಲ್ಕು ಕಿಲೋ ಚಿಲ್ಲರೆ, 13.8 ವೋಲ್ಟಿನಲ್ಲಿ ನಡೆಯುತ್ತದೆ. ಕೇಳುತ್ತಿರುವಾಗ ಸುಮಾರು ಒಂದು ಆಂಪಿಯರ್, ಪೂರ್ಣ ಶಕ್ತಿಯಲ್ಲಿ ಕಳುಹಿಸುವಾಗ 21 ಆಂಪಿಯರ್ ವರೆಗೆ ಎಳೆಯುತ್ತದೆ. ಮಾತಿನ ನಡುವೆ ಬಿಡುವು ಇರುವುದರಿಂದ ಸರಾಸರಿ ಅದರ ಅರ್ಧ ಎನ್ನಿ. ದಿನವಿಡೀ ಕೇಳಿ, ಒಟ್ಟು ಒಂದು ಗಂಟೆ ಮಾತನಾಡಿದರೆ ಮೂವತ್ತೈದು ಆಂಪಿಯರ್-ಅವರ್ ಸಾಕು. 100 ಆಂಪಿಯರ್-ಅವರ್‌ನ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸದೆ ಒಂದು ಹಗಲು, ಒಂದು ರಾತ್ರಿ ಕಳೆಯಬಹುದು.

2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ, ಹ್ಯಾಮ್ ಭಾರತಿ ಪ್ರಸಾದ್ ಮತ್ತು ಅವರ ತಂಡ ಹವ್ಯಾಸದ ಕೆಲಸಕ್ಕೆಂದೇ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನಿನ ಸುದ್ದಿ ಹೊರಗಿನ ಜಗತ್ತಿಗೆ ತಲುಪಲು ಅವರ ಕೇಂದ್ರ ನೆರವಾಯಿತು. ಬೇಕಾದ ಹೊತ್ತಿಗೆ ಯಂತ್ರ ಸಿದ್ಧವಾಗಿತ್ತು, ನಡೆಸಬಲ್ಲ ಕೈಗಳೂ ಇದ್ದವು.

ಹಾಗಾದರೆ ದುಬಾರಿ ಯಂತ್ರ ಯಾರೂ ಕೊಳ್ಳಬಾರದೇ? ಹಾಗೇನಿಲ್ಲ. ಸ್ಪರ್ಧೆಗಳಲ್ಲಿ ರಾತ್ರಿಯಿಡೀ ಕೂರುವವರು, ಎತ್ತರದ ಗೋಪುರ, ತಿರುಗುವ ಆಂಟೆನಾ ಈಗಾಗಲೇ ಇರುವವರು ಕೊಳ್ಳಲಿ. ಅವರಿಗೆ ಆ ಹತ್ತು ಡೆಸಿಬೆಲ್ ಕಿವಿಗೆ ಕೇಳಿಸುತ್ತದೆ. ಹೊಸಬರಿಗೆ ನನ್ನ ಸಲಹೆ ಇಷ್ಟೆ: ಇರುವ ಹಣದಲ್ಲಿ ಅರ್ಧವನ್ನು ಮಾತ್ರ ಪೆಟ್ಟಿಗೆಗೆ ಕೊಡಿ, ಉಳಿದರ್ಧವನ್ನು ಆಂಟೆನಾ, ಒಳ್ಳೆಯ ಕೇಬಲ್, ಬ್ಯಾಟರಿ, ಸೌರಫಲಕಕ್ಕೆ ಇಡಿ. ಕೈಕೆಲಸ ಬಲ್ಲವರಿಗೆ ಹೈದರಾಬಾದಿನ ಅಷರ್ ಫರ್ಹಾನ್ ಅವರು ರೂಪಿಸಿದ ಬಿಟ್‌ಎಕ್ಸ್‌ನಂಥ ಸರಳ ಯಂತ್ರಗಳೂ ಇವೆ. ಕಡಿಮೆ ಖರ್ಚು, ಕಲಿಕೆ ಹೆಚ್ಚು. ವಿಜ್ಞಾನ ಕಲಿಸುವ ಅಧ್ಯಾಪಕರು ಶಾಲೆಯಲ್ಲೇ ಇದನ್ನು ಆರಂಭಿಸಬಹುದು. ಒಂದು ಊರಿನಲ್ಲಿ ಹನ್ನೆರಡು ಸಾವಿರ ಡಾಲರಿನ ಒಂದೇ ಯಂತ್ರ ಇರುವುದಕ್ಕಿಂತ, ಎರಡು ಊರುಗಳಲ್ಲಿ ಸೇರಿ ಎಂಟು ಸಾಧಾರಣ ಯಂತ್ರಗಳೂ ಪರವಾನಗಿ ಪಡೆದ ಎಂಟು ಮಂದಿಯೂ ಇದ್ದರೆ, ಮುಂದಿನ ಸಲ ಕಪಿಲೆ ಉಕ್ಕಿದಾಗ ಸುದ್ದಿ ನೀರಿಗಿಂತ ಮುಂದೆ ಓಡುತ್ತದೆ.