ಕಡಲ ದಾರಿಯಲ್ಲಿ ಬಸ್ಸಿಗೂ ಜಾಗವಿರಲಿ



2005ರ ಜುಲೈ 26 ನೆನಪಿದೆಯಲ್ಲವೇ? ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೀರಿನಲ್ಲೇ ನಡೆದು ಮನೆ ಸೇರಿದವರು ನಮ್ಮಲ್ಲಿ ಎಷ್ಟು ಮಂದಿ! ಮೀಠಿ ನದಿಯ ಬಾಯಿ ಕಿರಿದಾದದ್ದು, ದಡದ ಕಾಂಡ್ಲಾ ಕಾಡು ಕಡಿದದ್ದು ನಮಗೆ ಆಗ ಅರ್ಥವಾಯಿತು.

ಈಗ ಕರಾವಳಿ ರಸ್ತೆಯ ಮಾತು. ಮರೀನ್ ಡ್ರೈವ್‌ನಿಂದ ವರ್ಲಿವರೆಗಿನ ದಾರಿಗಾಗಿ ಸಮುದ್ರ ತುಂಬಿಸಿದರು. 2019ರ ಜುಲೈಯಲ್ಲಿ ಬಾಂಬೆ ಹೈಕೋರ್ಟು ಅದರ ಪರವಾನಿಗೆ ರದ್ದು ಮಾಡಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಮೊದಲ ಭಾಗ ತೆರೆಯಿತು. ಕಾರಿನವರಿಗೆ ಸುಖ, ಸ್ಕೂಟರಿಗೆ, ರಿಕ್ಷಾಕ್ಕೆ ಪ್ರವೇಶವಿಲ್ಲ. ಇನ್ನು ವರ್ಸೋವಾದಿಂದ ಭಾಯಂದರ್‌ವರೆಗೆ ಹೊಸ ರಸ್ತೆ. ಅದಕ್ಕೆ ಮತ್ತೆ ಕಾಂಡ್ಲಾ ಗಿಡಗಳು ಬಲಿ.

2050ಕ್ಕೆ ಇಂಗಾಲದ ಹೊರೆ ಸೊನ್ನೆಗಿಳಿಸುತ್ತೇವೆಂದು 2022ರಲ್ಲಿ ಯೋಜನೆ ಪ್ರಕಟಿಸಿದ್ದೂ ಇದೇ ಮಹಾನಗರಪಾಲಿಕೆ!

ರಸ್ತೆಯೇ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ; ವಿರಾರ್ ಲೋಕಲಿನಲ್ಲಿ ನೇತಾಡುವವರ ಪಾಡು ಬಲ್ಲೆ. ಆದರೆ ಆ ರಸ್ತೆ ಅವರಿಗೂ ಸಿಗಬೇಡವೇ? ಬೆಸ್ಟ್ ಬಸ್ಸಿಗೆ ಪ್ರತ್ಯೇಕ ಪಥ ಬೇಕು. ಕಡಿದ ಕಾಂಡ್ಲಾಕ್ಕೆ ಬದಲು ಗಿಡ ನಮ್ಮ ಖಾಡಿಯಲ್ಲೇ ಬೆಳೆಯಬೇಕು. ದೂರದ ಊರಿನ ಮರ ಇಲ್ಲಿನ ನೆರೆ ತಡೆಯದು. ನಿಮ್ಮ ವಾರ್ಡ್ ಆಫೀಸಿನಲ್ಲಿ ಈ ಎರಡನ್ನೂ ಕೇಳಿ. ಮುಂದಿನ ಮಳೆಗಾಲಕ್ಕೆ ಮುಂಚೆಯೇ ಕೇಳಿ.